ತುಂಡು ಎಲುಬಿನಿಂದ ಇಡೀ ಪ್ರಾಣಿಯವರೆಗೆ: ದೈತ್ಯ ಉಭಯಚರಗಳ ಶೋಧದ ಮುನ್ನೂರು ವರ್ಷ

ಜಲಪ್ರಳಯದಲ್ಲಿ ಸತ್ತ ಮನುಷ್ಯನ ಅಸ್ಥಿ ಸಿಕ್ಕಿದೆಯೆಂದು 1726ರಲ್ಲಿ ಜ್ಯೂರಿಕ್ ನಗರದ ವೈದ್ಯರೊಬ್ಬರು ಸಾರಿದರು. ಅವರ ಹೆಸರು ಯೋಹಾನ್ ಯಾಕೋಬ್ ಶಾಯ್ಕ್‌ಸರ್. ಕಾನ್‌ಸ್ಟಾನ್ಸ್ ಸರೋವರದ ಹತ್ತಿರವಿರುವ ಓನಿಂಗೆನ್ ಎಂಬ ಊರಿನ ಕಲ್ಲುಗಣಿಯಲ್ಲಿ ಆ ಪಳೆಯುಳಿಕೆ ದೊರೆತಿತ್ತು. ಸುಣ್ಣಕಲ್ಲಿನ ಹಲಗೆಯ ಮೇಲೆ ದುಂಡನೆಯ ತಲೆ, ಎರಡು ದೊಡ್ಡ ಕಣ್ಣುಗೂಡು, ಅವುಗಳ ಕೆಳಗೆ ಸಾಲಾಗಿ ಬೆನ್ನುಮೂಳೆ. ಬೈಬಲ್ಲಿನ ನೋವಾನ ಕಾಲದ ಪ್ರಳಯವನ್ನು ಮನಸಾರೆ ನಂಬಿದ್ದ ಶಾಯ್ಕ್‌ಸರ್ ಅವರಿಗೆ ಅದರಲ್ಲಿ ಮನುಷ್ಯರೂಪ ಕಂಡಿತು. ಪ್ರಳಯಕ್ಕೆ ಸಾಕ್ಷಿಯಾದ ಮಾನವ ಇವನೇ ಎಂದು ಲ್ಯಾಟಿನ್‌ನಲ್ಲಿ ಬರೆದು, ಚಿತ್ರಸಮೇತ ಅಚ್ಚು ಹಾಕಿಸಿದರು.

ಇದನ್ನು ಬರೀ ಮೌಢ್ಯವೆಂದು ತಳ್ಳಿಹಾಕಿದರೆ ಅವರಿಗೆ ಅನ್ಯಾಯವಾಗುತ್ತದೆ. ಕಲ್ಲಿನಲ್ಲಿ ಕಾಣುವ ಚಿಪ್ಪು, ಎಲೆ, ಮೀನುಗಳೆಲ್ಲ ಪ್ರಕೃತಿಯ ಲೀಲೆಯಷ್ಟೇ ಎಂದು ಅನೇಕ ಪಂಡಿತರು ಹೇಳುತ್ತಿದ್ದ ಕಾಲ ಅದು. ಅವು ಒಂದಾನೊಂದು ಕಾಲದಲ್ಲಿ ಬದುಕಿದ್ದ ಜೀವಿಗಳ ಉಳಿಕೆ ಎಂದು ಗಟ್ಟಿಯಾಗಿ ವಾದಿಸಿದವರಲ್ಲಿ ಶಾಯ್ಕ್‌ಸರ್ ಕೂಡ ಒಬ್ಬರು. ಪಳೆಯುಳಿಕೆಯಾದ ಸಸ್ಯಗಳ ಬಗ್ಗೆ 1709ರಲ್ಲೇ ಗ್ರಂಥ ತಂದವರು. ಆದರೆ ಈ ಎಲುಬಿನ ವಿಷಯದಲ್ಲಿ ಕಲ್ಲಿನ ಮೇಲೆ ಕಂಡಷ್ಟನ್ನೇ ಇಡೀ ಪ್ರಾಣಿ ಎಂದುಕೊಂಡರು. ಪ್ರಾಣಿಯ ಉಳಿದ ಭಾಗ ಇನ್ನೂ ಕಲ್ಲಿನೊಳಗೇ ಇತ್ತು.

ದೈತ್ಯ ಉಭಯಚರಗಳ ಶೋಧದ ಕಥೆ ಶುರುವಾಗುವುದು ಇಲ್ಲಿಂದಲೇ. ಮುಂದಿನ ಮುನ್ನೂರು ವರ್ಷಗಳಲ್ಲಿ ಈ ಪ್ರಾಣಿಗಳನ್ನು ಮನುಷ್ಯ ಎಂದರು, ಹಲ್ಲಿ ಎಂದರು, ಬೃಹತ್ ಕಪ್ಪೆ ಎಂದರು. ಪ್ರತಿ ಸಲವೂ ಕೈಯಲ್ಲಿದ್ದದ್ದು ಒಂದು ತುಂಡು. ಪ್ರತಿ ಸಲವೂ ತಪ್ಪು ತಿದ್ದಿಕೊಂಡದ್ದು ಇನ್ನಷ್ಟು ಕಲ್ಲು ಕೆತ್ತಿದಾಗ, ಇನ್ನಷ್ಟು ನೆಲ ಅಗೆದಾಗ.

ಉಳಿ ಹಿಡಿದ ಕುವಿಯೆ

ಶಾಯ್ಕ್‌ಸರ್ ಅವರ 'ಮನುಷ್ಯ' ಬಹುಕಾಲ ಪ್ರಶ್ನೆಯಿಲ್ಲದೆ ಉಳಿಯಲಿಲ್ಲ. 1758ರಲ್ಲಿ ಜ್ಯೂರಿಕ್ ನಗರದವರೇ ಆದ ಯೋಹಾನೆಸ್ ಗೆಸ್ನರ್ ಇದು ದೊಡ್ಡ ಮೀನಿರಬೇಕು ಎಂದರು. ಡಚ್ ಅಂಗರಚನಾ ಶಾಸ್ತ್ರಜ್ಞ ಪೀಟರ್ ಕಾಂಪರ್ ಸರೀಸೃಪ ಎಂದರು. 1802ರಲ್ಲಿ ಆ ಕಲ್ಲನ್ನು ಹಾಲೆಂಡಿನ ಹಾರ್ಲೆಮ್ ನಗರದ ಟೈಲರ್ಸ್ ಮ್ಯೂಸಿಯಂ ಕೊಂಡುಕೊಂಡಿತು.

ಅಷ್ಟರಲ್ಲಿ ಪ್ಯಾರಿಸ್ಸಿನಲ್ಲಿ ಜಾರ್ಜ್ ಕುವಿಯೆ ಎಂಬ ವಿದ್ವಾಂಸರು ಹೊಸ ಶಾಸ್ತ್ರವೊಂದಕ್ಕೆ ತಳಪಾಯ ಹಾಕಿದ್ದರು. ಪ್ರಾಣಿಯ ಒಂದು ಅಂಗಕ್ಕೂ ಇನ್ನೊಂದಕ್ಕೂ ನೇರ ಸಂಬಂಧವಿದೆ. ಹಲ್ಲು ಹೀಗಿದ್ದರೆ ದವಡೆ ಹೀಗೆ, ದವಡೆ ಹೀಗಿದ್ದರೆ ಕಾಲು ಹೀಗೆ ಇರಲೇಬೇಕು ಎಂಬುದು ಅವರ ಸಿದ್ಧಾಂತದ ತಿರುಳು. ಹಾರ್ಲೆಮ್‌ನ ಪಳೆಯುಳಿಕೆಯ ಚಿತ್ರ ನೋಡಿಯೇ ಅವರು ಇದು ಸಲಾಮಾಂಡರ್, ಅಂದರೆ ಬಾಲವಿರುವ ಉಭಯಚರ ಎಂದು ತೀರ್ಮಾನಿಸಿದ್ದರು. ಆದರೆ ಚಿತ್ರ ನೋಡಿ ಹೇಳಿದ ಮಾತಿಗೆ ಸಾಕ್ಷಿ ಬೇಕಿತ್ತು.

1811ರಲ್ಲಿ ಆ ಅವಕಾಶ ಕೂಡಿಬಂತು. ಹಾಲೆಂಡ್ ಆಗ ನೆಪೋಲಿಯನ್ನನ ಸಾಮ್ರಾಜ್ಯಕ್ಕೆ ಸೇರಿತ್ತು. ಹಾರ್ಲೆಮ್‌ಗೆ ಹೋದ ಕುವಿಯೆ, ಮ್ಯೂಸಿಯಂನ ನಿರ್ದೇಶಕ ಮಾರ್ಟಿನ್ ಫಾನ್ ಮಾರುಮ್ ಅವರ ಒಪ್ಪಿಗೆ ಪಡೆದು ಕಲ್ಲನ್ನು ಕೆತ್ತಲು ಕೂತರು. ಹೋಲಿಸಿ ನೋಡಲೆಂದು ಸಲಾಮಾಂಡರಿನ ಅಸ್ಥಿಪಂಜರವನ್ನು ಎದುರಿಗೆ ಇಟ್ಟುಕೊಂಡಿದ್ದರು. ಮುಂಗಾಲು ಇಲ್ಲಿರಬೇಕು ಎಂದು ಮೊದಲೇ ಹೇಳಿ, ಅಲ್ಲಿ ಉಳಿ ಇಟ್ಟು ಒಂದೊಂದೇ ಚಕ್ಕೆ ಎಬ್ಬಿಸಿದರು. ಕಲ್ಲಿನೊಳಗಿಂದ ಮುಂಗಾಲುಗಳು ಹೊರಬಂದವು. ಎಂಬತ್ತೈದು ವರ್ಷದ ಹಿಂದೆ ಮನುಷ್ಯನೆನಿಸಿಕೊಂಡಿದ್ದ ಪ್ರಾಣಿ ಒಂದು ಮೀಟರಿನಷ್ಟು ಉದ್ದದ ಸಲಾಮಾಂಡರ್ ಎಂಬುದು ಎಲ್ಲರ ಕಣ್ಣೆದುರಿಗೆ ಸಾಬೀತಾಯಿತು.

ಅಷ್ಟು ದೊಡ್ಡ ಸಲಾಮಾಂಡರ್ ಇರಲು ಸಾಧ್ಯವೇ ಎಂಬ ಅನುಮಾನಕ್ಕೆ ಉತ್ತರ ಪೂರ್ವದಿಂದ ಬಂತು. ಜಪಾನಿನಲ್ಲಿ ವೈದ್ಯರಾಗಿದ್ದ ಫಿಲಿಪ್ ಫ್ರಾನ್ಸ್ ಫಾನ್ ಸೀಬೋಲ್ಡ್ 1830ರಲ್ಲಿ ಅಲ್ಲಿನ ದೈತ್ಯ ಸಲಾಮಾಂಡರನ್ನು ಜೀವಂತವಾಗಿ ಹಾಲೆಂಡಿಗೆ ತಂದರು. ಜಪಾನಿನ ಈ ಪ್ರಾಣಿ ಒಂದೂವರೆ ಮೀಟರ್‌ವರೆಗೆ ಬೆಳೆಯುತ್ತದೆ. 1837ರಲ್ಲಿ ಸ್ವಿಸ್ ವಿಜ್ಞಾನಿ ಚೂಡಿ, ಓನಿಂಗೆನ್ ಪಳೆಯುಳಿಕೆಗೆ ಆಂಡ್ರಿಯಾಸ್ ಎಂಬ ಕುಲನಾಮ ಕೊಟ್ಟರು. ಅದರ ಪ್ರಭೇದದ ಹೆಸರಿನಲ್ಲಿ ಶಾಯ್ಕ್‌ಸರ್ ಇವತ್ತಿಗೂ ಉಳಿದಿದ್ದಾರೆ: ಆಂಡ್ರಿಯಾಸ್ ಶಾಯ್ಕ್‌ಸೆರಿ. ಕರೆಲ್ ಚಾಪೆಕ್ 1936ರಲ್ಲಿ ಬರೆದ ಪ್ರಸಿದ್ಧ ಕಾದಂಬರಿಯಲ್ಲಿ ಮನುಷ್ಯಕುಲದ ಎದುರು ಯುದ್ಧಕ್ಕೆ ನಿಲ್ಲುವ ಸಲಾಮಾಂಡರ್‌ಗಳಿಗೆ ಇದೇ ಹೆಸರು.

ಒಂದೇ ಗಣಿ, ಎರಡು ಹೆಸರು

ಓನಿಂಗೆನ್ ಪ್ರಾಣಿ ಭೂಮಿಯ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು. ಅದರ ವಯಸ್ಸು ಸುಮಾರು 1.3 ಕೋಟಿ ವರ್ಷ. ನಿಜವಾದ ದೈತ್ಯರು ಅದಕ್ಕಿಂತ ಬಹಳ ಹಳಬರು, ಬಹಳ ದೊಡ್ಡವರು. ಅವರ ಮೊದಲ ಸುಳಿವು ದೊರೆತದ್ದು ದಕ್ಷಿಣ ಜರ್ಮನಿಯ ಗೈಲ್ಡಾರ್ಫ್ ಎಂಬ ಊರಿನಲ್ಲಿದ್ದ ಪಟಿಕದ ಗಣಿಯಲ್ಲಿ.

ಅಲ್ಲಿ ಸಿಕ್ಕ ಎಲುಬುಗಳು ಶ್ಟುಟ್‌ಗಾರ್ಟ್‌ನ ವೈದ್ಯ ಗೇಯಾರ್ಗ್ ಫ್ರೀಡ್ರಿಖ್ ಯೇಗರ್ ಅವರ ಕೈಸೇರಿದವು. ಅವುಗಳಲ್ಲಿ ಶಂಕುವಿನಾಕಾರದ ಭಾರೀ ಹಲ್ಲೊಂದಿತ್ತು. ತಲೆಬುರುಡೆಯ ಹಿಂಭಾಗದ ಒಂದು ತುಂಡೂ ಇತ್ತು. ಹಲ್ಲು ನೋಡಿದರೆ ಮೊಸಳೆಯನ್ನೂ ಮೀರಿಸುವ ಸರೀಸೃಪದ್ದು ಅನಿಸುತ್ತಿತ್ತು. ಬುರುಡೆಯ ತುಂಡು ಬೇರೆಯೇ ಕಥೆ ಹೇಳುತ್ತಿತ್ತು. ಕತ್ತಿನ ಮೊದಲ ಮೂಳೆಯ ಮೇಲೆ ತಲೆ ಕೂರುವ ಜಾಗದಲ್ಲಿ ಸರೀಸೃಪಗಳಿಗೆ ಒಂದೇ ಗುಬುಟು ಇರುತ್ತದೆ. ಕಪ್ಪೆ, ಸಲಾಮಾಂಡರ್‌ಗಳಿಗೆ ಎರಡು. ಗೈಲ್ಡಾರ್ಫ್ ತುಂಡಿನಲ್ಲಿ ಎರಡಿದ್ದವು. ಹಲ್ಲಿನ ಒಡೆಯ ಒಬ್ಬ, ಬುರುಡೆಯ ಒಡೆಯ ಇನ್ನೊಬ್ಬ ಎಂದು ಭಾವಿಸಿದ ಯೇಗರ್ 1828ರಲ್ಲಿ ಎರಡು ಹೆಸರು ಕೊಟ್ಟರು. ಹಲ್ಲಿನ ಪ್ರಾಣಿ ಮ್ಯಾಸ್ಟೊಡಾನ್‌ಸಾರಸ್, ಬುರುಡೆಯ ಪ್ರಾಣಿ ಸಲಾಮಾಂಡ್ರಾಯ್ಡಿಸ್ ಜೈಗಾಂಟಿಯಸ್.

ಗಣಿ ಅಗೆತ ಮುಂದುವರಿದಂತೆ ಹೆಚ್ಚು ಪೂರ್ಣವಾದ ತಲೆಬುರುಡೆಗಳು ಮೇಲೆ ಬಂದವು. ಅವುಗಳಲ್ಲಿ ಆ ಹಲ್ಲೂ ಇತ್ತು, ಆ ಎರಡು ಗುಬುಟೂ ಇದ್ದವು. ಎರಡು ಪ್ರಾಣಿಗಳೆಂದುಕೊಂಡದ್ದು ಒಂದೇ ಪ್ರಾಣಿ. 1844ರಲ್ಲಿ ಹರ್ಮನ್ ಫಾನ್ ಮೇಯರ್ ಮತ್ತು ಥಿಯೋಡೋರ್ ಪ್ಲೀನಿಂಗರ್ ಈ ಬುರುಡೆಗಳನ್ನು ವಿವರವಾಗಿ ವರ್ಣಿಸಿದರು. ಇಂದು ವಿಜ್ಞಾನ ಬಳಸುವ ಹೆಸರು ಮ್ಯಾಸ್ಟೊಡಾನ್‌ಸಾರಸ್ ಜೈಗಾಂಟಿಯಸ್. ಯೇಗರ್ ಅವರ ಎರಡು ಹೆಸರುಗಳ ಅರ್ಧರ್ಧ ಅದರಲ್ಲಿ ಸೇರಿಕೊಂಡಿದೆ.

ಚಕ್ರವ್ಯೂಹದ ಹಲ್ಲು, ಕಪ್ಪೆಯ ಮೈ

ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ರಿಚರ್ಡ್ ಓವೆನ್ ಹಲ್ಲುಗಳ ಹಿಂದೆ ಬಿದ್ದಿದ್ದರು. ಪಳೆಯುಳಿಕೆಯಾದ ಹಲ್ಲನ್ನು ತೆಳುವಾಗಿ ಅಡ್ಡ ಸೀಳಿ, ಉಜ್ಜಿ, ಸೂಕ್ಷ್ಮದರ್ಶಕದಡಿ ಇಟ್ಟು ನೋಡುವ ವಿಧಾನ ಆಗ ಹೊಸದು. ವಾರಿಕ್‌ಶೈರ್‌ನ ಮರಳುಗಲ್ಲಿನಿಂದ ಬಂದ ಹಲ್ಲುಗಳನ್ನು ಹೀಗೆ ಸೀಳಿದಾಗ ಒಳಗಿನ ರಚನೆ ಕಂಡಿತು. ಹೊರಗಿನ ಪದರವು ಮಡಿಕೆ ಮಡಿಕೆಯಾಗಿ ಒಳಕ್ಕೆ ನುಗ್ಗಿ, ಸುತ್ತಿ ಸುಳಿದು, ಚಕ್ರವ್ಯೂಹದಂಥ ವಿನ್ಯಾಸ ಮಾಡಿತ್ತು. ಜರ್ಮನಿಯಿಂದ ತರಿಸಿದ ಹಲ್ಲಿನಲ್ಲೂ ಅದೇ ವಿನ್ಯಾಸ. 1841ರಲ್ಲಿ ಓವೆನ್ ಈ ಪ್ರಾಣಿಗಳನ್ನು ಲ್ಯಾಬಿರಿಂಥೊಡಾನ್ ಎಂದು ಕರೆದು, ಇವು ಉಭಯಚರಗಳೆಂದು ವಾದಿಸಿದರು. ಹಲ್ಲಿನ ವಿಷಯದಲ್ಲಿ ಅವರ ಕಣ್ಣು ಬಹಳ ಸೂಕ್ಷ್ಮ.

ಮೈಯ ವಿಷಯ ಬಂದಾಗ ತುಂಡು ಎಲುಬು ಮತ್ತೆ ದಾರಿ ತಪ್ಪಿಸಿತು. ಜರ್ಮನಿಯ ಹಿಲ್ಡ್‌ಬುರ್ಗ್‌ಹೌಸನ್ ಎಂಬಲ್ಲಿ 1830ರ ದಶಕದಲ್ಲಿ ಮನುಷ್ಯನ ಕೈಯಚ್ಚಿನಂತಿದ್ದ ಹೆಜ್ಜೆಗುರುತುಗಳು ಮರಳುಗಲ್ಲಿನಲ್ಲಿ ಸಿಕ್ಕಿದ್ದವು. 1835ರಲ್ಲಿ ಅವಕ್ಕೆ ಕೈರೊಥೀರಿಯಮ್ ಎಂಬ ಹೆಸರಾಯಿತು. ಅಂಥ ಗುರುತುಗಳು ಇಂಗ್ಲೆಂಡಿನಲ್ಲೂ ಇದ್ದವು. ಅದೇ ಕಾಲದ ಬಂಡೆಗಳಲ್ಲಿ ಲ್ಯಾಬಿರಿಂಥೊಡಾನ್ ಎಲುಬೂ ಇದ್ದುದರಿಂದ, ಹೆಜ್ಜೆ ಇಟ್ಟದ್ದು ಅದೇ ಪ್ರಾಣಿ ಎಂದು ಓವೆನ್ ಸೂಚಿಸಿದರು. ಆದರೆ ಹೆಬ್ಬೆರಳಿನಂತೆ ಕಾಣುವ ಬೆರಳು ಪಾದದ ಹೊರಮಗ್ಗುಲಿಗೆ ಬರುತ್ತಿತ್ತು. ಅದನ್ನು ಸರಿದೂಗಿಸಲು ಪ್ರಾಣಿ ಕಾಲಿಗೆ ಕಾಲು ಅಡ್ಡ ಹಾಕಿ ನಡೆಯುತ್ತಿತ್ತು ಎಂದು ಚಿತ್ರಿಸಬೇಕಾಯಿತು. ಚಾರ್ಲ್ಸ್ ಲೈಯೆಲ್ ಅವರ ಭೂವಿಜ್ಞಾನದ ಪುಸ್ತಕದಲ್ಲಿ ಇಂಥ ಚಿತ್ರವಿತ್ತು.

1854ರಲ್ಲಿ ಲಂಡನ್ನಿನ ಸಿಡನಮ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನ ಸಾರ್ವಜನಿಕರಿಗೆ ತೆರೆಯಿತು. ಶಿಲ್ಪಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಅಲ್ಲಿ ಗತಕಾಲದ ಪ್ರಾಣಿಗಳನ್ನು ನಿಜ ಗಾತ್ರದಲ್ಲಿ ನಿಲ್ಲಿಸಿದ್ದರು. ಲ್ಯಾಬಿರಿಂಥೊಡಾನ್‌ಗಳು ಅಲ್ಲಿ ಬೃಹತ್ ಕಪ್ಪೆಗಳಾಗಿ ಕೂತವು. ಜನಸಾಮಾನ್ಯರು ದೈತ್ಯ ಉಭಯಚರವನ್ನು ಕಣ್ಣಾರೆ ಕಂಡದ್ದು ಹೀಗೆ. ಆ ಮೂರ್ತಿಗಳು ಇವತ್ತಿಗೂ ಅಲ್ಲಿವೆ. ಕಣ್ಣಿಗೆ ಕಾಣದ ಕಾಲವೊಂದನ್ನು ಮೊದಲ ಸಲ ಊಹಿಸಿದವರ ಧೈರ್ಯವನ್ನು ಅವುಗಳಲ್ಲಿ ಕಾಣಬಹುದು. ಕೈರೊಥೀರಿಯಮ್ ಒಗಟು ಬಿಡಿಸಲು ಮತ್ತೆ ಏಳು ದಶಕ ಬೇಕಾಯಿತು. 1925ರಲ್ಲಿ ವೋಲ್ಫ್‌ಗಾಂಗ್ ಜೋರ್ಗೆಲ್ ಎಂಬ ಜರ್ಮನ್ ವಿದ್ವಾಂಸರು, 'ಹೆಬ್ಬೆರಳು' ವಾಸ್ತವದಲ್ಲಿ ಕಿರುಬೆರಳು, ಹೆಜ್ಜೆಗಳು ಮೊಸಳೆಗಳ ಬಂಧುಬಳಗಕ್ಕೆ ಸೇರಿದ ಸರೀಸೃಪದವು ಎಂದು ತೋರಿಸಿಕೊಟ್ಟರು.

ನಾಗಪುರದ ಪಾದ್ರಿ, ರಾಣಿಗಂಜಿನ ಬಂಡೆ

ಕ್ರಿಸ್ಟಲ್ ಪ್ಯಾಲೆಸ್‌ನ ಕಪ್ಪೆಗಳ ಸಿಮೆಂಟು ಆರುವ ಹೊತ್ತಿಗೇ ಓವೆನ್ ಅವರ ಮೇಜಿಗೆ ಭಾರತದಿಂದ ಒಂದು ತಲೆಬುರುಡೆ ಬಂದಿತ್ತು. ಕಳಿಸಿದವರು ನಾಗಪುರದಲ್ಲಿದ್ದ ಸ್ಕಾಟ್ಲೆಂಡಿನ ಪಾದ್ರಿ ಸ್ಟೀಫನ್ ಹಿಸ್ಲಾಪ್. ಶಾಲೆ ನಡೆಸುತ್ತಾ, ಊರೂರು ಸುತ್ತುತ್ತಾ, ಬಿಡುವಿನಲ್ಲಿ ಬಂಡೆಗಳನ್ನು ಓದುತ್ತಿದ್ದವರು ಅವರು. ಅವರೂ ಸಹೋದ್ಯೋಗಿ ರಾಬರ್ಟ್ ಹಂಟರ್ ಅವರೂ ಸೇರಿ ನಾಗಪುರ ಸೀಮೆಯ ಪದರಗಳನ್ನು ಪರಿಶೀಲಿಸಿದರು. ನಗರದ ದಕ್ಷಿಣಕ್ಕಿರುವ ಮಾಂಗಲಿ ಎಂಬಲ್ಲಿ ಸಿಕ್ಕ ಚಪ್ಪಟೆ ಬುರುಡೆಗೆ ಓವೆನ್ 1855ರಲ್ಲಿ ಬ್ರಾಕಿಯಾಪ್ಸ್ ಲ್ಯಾಟಿಸೆಪ್ಸ್ ಎಂದು ಹೆಸರಿಟ್ಟರು. ಗಾತ್ರದಲ್ಲಿ ಅದು ದೈತ್ಯನಲ್ಲ. ಆದರೆ ಯುರೋಪಿನ ಬಂಡೆಗಳಲ್ಲಿ ಕಂಡ ವಂಶ ಸಾವಿರಾರು ಮೈಲಿ ದೂರದ ನಮ್ಮ ನೆಲದಲ್ಲೂ ಬಾಳಿತ್ತು ಎಂಬುದಕ್ಕೆ ಅದು ಸಾಕ್ಷಿಯಾಯಿತು.

1865ರಲ್ಲಿ ಥಾಮಸ್ ಹೆನ್ರಿ ಹಕ್ಸ್ಲಿ ಬಂಗಾಳದ ರಾಣಿಗಂಜ್ ಕಲ್ಲಿದ್ದಲು ಸೀಮೆಯ ಪಂಚೇತ್ ಪದರಗಳಿಂದ ಇನ್ನೆರಡು ಪ್ರಾಣಿಗಳನ್ನು ವರ್ಣಿಸಿದರು: ಗೋನಿಯೊಗ್ಲಿಪ್ಟಸ್ ಮತ್ತು ಪ್ಯಾಕಿಗೋನಿಯಾ. 1885ರಲ್ಲಿ ರಿಚರ್ಡ್ ಲಿಡೆಕರ್, ಸಾತ್ಪುರದ ಬಿಜೋರಿಯಿಂದ ಬಂದ ಅಸ್ಥಿಪಂಜರಕ್ಕೆ ಗೊಂಡ್ವಾನೊಸಾರಸ್ ಎಂದು ಹೆಸರಿಟ್ಟರು. ರೈಲಿಗೆ ಕಲ್ಲಿದ್ದಲು ಬೇಕೆಂದು ಬ್ರಿಟಿಷರು ಹುಡುಕುತ್ತಿದ್ದ ಗೊಂಡ್ವಾನಾ ಶಿಲೆಗಳೇ ಈ ಎಲುಬುಗಳ ಭಂಡಾರವೂ ಆಗಿದ್ದವು. ಹಿಸ್ಲಾಪ್ ಈ ಬೆಳವಣಿಗೆಯನ್ನೆಲ್ಲ ನೋಡಲಿಲ್ಲ. 1863ರಲ್ಲಿ, ಪುರಾತನ ಶಿಲಾವೃತ್ತಗಳ ಉತ್ಖನನ ನೋಡಿ ಹಿಂತಿರುಗುವಾಗ, ಮಳೆಗೆ ಉಕ್ಕಿದ್ದ ಹಳ್ಳ ದಾಟಲು ಹೋಗಿ ಕೊಚ್ಚಿಹೋದರು.

ಗೋದಾವರಿ ಕಣಿವೆಯ ಕೆಂಪು ಮಣ್ಣು

ಕನ್ನಡ ನಾಡಿನ ನೆಲದಲ್ಲಿ ಇಂಥ ಎಲುಬು ಹುಡುಕಿ ಫಲವಿಲ್ಲ. ನಮ್ಮ ಬಂಡೆಗಳಲ್ಲಿ ಬಹುಪಾಲು ಭೂಮಿಯ ಮೇಲೆ ಪ್ರಾಣಿಗಳೇ ಇಲ್ಲದ ಕಾಲದವು. ಉತ್ತರದ ಕಪ್ಪುಶಿಲೆ ಡೈನೋಸಾರುಗಳ ಕೊನೆಗಾಲದ ಲಾವಾ. ಆದರೆ ನೆರೆಯ ತೆಲಂಗಾಣದಲ್ಲಿ, ಪ್ರಾಣಹಿತಾ ಮತ್ತು ಗೋದಾವರಿ ನದಿಗಳ ಕಣಿವೆಯಲ್ಲಿ, ಟ್ರಯಾಸಿಕ್ ಕಾಲದ ಕೆಂಪು ಜೇಡಿಪದರಗಳು ಮೈಲಿಗಟ್ಟಲೆ ಹರಡಿವೆ. ಅವುಗಳಲ್ಲಿ ಹೆಸರಾದದ್ದು ಮಲೇರಿ ಪದರ.

ಸ್ವತಂತ್ರ ಭಾರತದಲ್ಲಿ ಈ ಕಣಿವೆಯ ಬಾಗಿಲು ತೆರೆದದ್ದು ಸಂಖ್ಯಾಶಾಸ್ತ್ರದ ಸಂಸ್ಥೆ. ಕೊಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಕಟ್ಟಿದ ಪಿ. ಸಿ. ಮಹಾಲನೋಬಿಸ್ ಅವರಿಗೆ ಭೂವಿಜ್ಞಾನದಲ್ಲೂ ಅಪಾರ ಆಸಕ್ತಿ. ಅವರ ಆಹ್ವಾನದ ಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಿಂದ ಪಮೇಲಾ ರಾಬಿನ್ಸನ್ ಬಂದರು. 1957ರಲ್ಲಿ ಸಂಸ್ಥೆಯಲ್ಲಿ ಭೂವಿಜ್ಞಾನ ವಿಭಾಗ ಆರಂಭವಾಯಿತು. ಸೋಹನ್‌ಲಾಲ್ ಜೈನ್, ತಪನ್ ರಾಯ್‌ಚೌಧುರಿ, ಟಿ. ಎಸ್. ಕುಟ್ಟಿ, ಶಂಕರ್ ಚಟರ್ಜಿ ಮೊದಲಾದ ಭಾರತೀಯ ವಿದ್ವಾಂಸರ ಒಂದು ಪೀಳಿಗೆಯೇ ಇಲ್ಲಿ ತಯಾರಾಯಿತು. ಭಾರತದ ಎಲುಬುಗಳನ್ನು ಹಡಗಿಗೆ ಹಾಕಿ ಲಂಡನ್ನಿಗೆ ಕಳಿಸಿ ಹೆಸರು ಕೇಳುವ ಕಾಲ ಹೋಯಿತು. ಅಗೆಯುವುದು, ಬಿಡಿಸುವುದು, ಜೋಡಿಸುವುದು, ಬರೆಯುವುದು ಎಲ್ಲವೂ ಇಲ್ಲಿಯೇ ನಡೆಯತೊಡಗಿತು. ಬರಪಾಸಾರಸ್ ಎಂಬ ಭಾರತದ ಪ್ರಸಿದ್ಧ ಡೈನೋಸಾರ್ ಈ ತಂಡಕ್ಕೇ ದಕ್ಕಿದ್ದು.

1965ರಲ್ಲಿ ತಪನ್ ರಾಯ್‌ಚೌಧುರಿ ಮಲೇರಿಯ ದೈತ್ಯ ಉಭಯಚರವನ್ನು ಮೆಟೊಪೊಸಾರಸ್ ಮಲೇರಿಯೆನ್ಸಿಸ್ ಎಂಬ ಹೆಸರಿನಲ್ಲಿ ಲೋಕಕ್ಕೆ ಪರಿಚಯಿಸಿದರು. ಮೆಟೊಪೊಸಾರ್‌ಗಳು ಎರಡು ಮೂರು ಮೀಟರ್ ಬೆಳೆಯುವ ಪ್ರಾಣಿಗಳು. ಅಗಲವಾದ ಚಪ್ಪಟೆ ತಲೆ, ಮೂತಿಯ ಕಡೆಗೆ ಸರಿದ ಕಣ್ಣು, ಭಾರವಾದ ಎದೆಫಲಕ, ಸಣ್ಣ ಕಾಲು. ನದಿಯ ತಳದಲ್ಲಿ ಮಲಗಿ ಮೀನು ಹಿಡಿಯಲು ಹೇಳಿಮಾಡಿಸಿದ ಮೈಕಟ್ಟು. ಅದೇ ಪದರಗಳಲ್ಲಿ ಶ್ವಾಸಮೀನಿನ ಹಲ್ಲುಗಳು, ಮೊಸಳೆಯಂಥ ಉದ್ದಮೂತಿಯ ಪ್ಯಾರಾಸೂಕಸ್ ಹಿಸ್ಲಾಪಿ, ಗೆಡ್ಡೆಗೆಣಸು ತಿನ್ನಬಲ್ಲ ಕೊಕ್ಕಿನ ಹೈಪೆರೊಡಪೆಡಾನ್ ಹಕ್ಸ್ಲಿಯೈ ಕೂಡ ಸಿಕ್ಕಿವೆ. ಹಿಸ್ಲಾಪ್, ಹಕ್ಸ್ಲಿ ಇಬ್ಬರೂ ಗೋದಾವರಿಯ ಪ್ರಾಣಿಗಳ ಹೆಸರಿನಲ್ಲಿ ಉಳಿದಿದ್ದಾರೆ.

ಸಾತ್ಪುರ ಬೆಟ್ಟಸಾಲಿನ ಪಚ್‌ಮಢಿ ಆಸುಪಾಸಿನ ಡೆನ್ವಾ ಪದರದಿಂದ ಇನ್ನೂ ದೊಡ್ಡವು ಬಂದವು. 1998ರಲ್ಲಿ ಆರ್. ಎನ್. ಮುಖರ್ಜಿ ಮತ್ತು ಡಿ. ಪಿ. ಸೇನ್‌ಗುಪ್ತ ವರ್ಣಿಸಿದ ಎರಡು ಪ್ರಭೇದಗಳಲ್ಲಿ ಒಂದಕ್ಕೆ ಡೆನ್ವಾ ನದಿಯ ಹೆಸರು. ಇನ್ನೊಂದಕ್ಕೆ ಆ ಬೆಟ್ಟಗಳ ಭೂಪಟ ಮಾಡಿದ ಕ್ರುಕ್‌ಶ್ಯಾಂಕ್ ಎಂಬ ಭೂವಿಜ್ಞಾನಿಯ ಹೆಸರು. ಮಲೇರಿಯ ಮೆಟೊಪೊಸಾರ್ ಯುರೋಪಿನ ಬಂಧುಗಳಿಗಿಂತ ಸಾಕಷ್ಟು ಭಿನ್ನವೆಂದು ಕಂಡುಬಂದು, ಈಗ ಅದನ್ನು ಪಾಂಥಸಾರಸ್ ಎಂಬ ಪ್ರತ್ಯೇಕ ಕುಲಕ್ಕೆ ಸೇರಿಸಿದ್ದಾರೆ. 2020ರಲ್ಲಿ ಭಾರತ ಮತ್ತು ಜರ್ಮನಿಯ ಸಂಶೋಧಕರು ಅದರ ಎಲುಬನ್ನು ತೆಳುವಾಗಿ ಸೀಳಿ, ಮರದ ಕಾಂಡದಲ್ಲಿರುವಂಥ ಬೆಳವಣಿಗೆಯ ಗೆರೆಗಳನ್ನು ಓದಿದರು. ಆ ಕಾಲದ ಋತುಮಾನ ಪ್ರಾಣಿಯ ಬೆಳವಣಿಗೆಯನ್ನು ಹೇಗೆ ನಿಯಂತ್ರಿಸುತ್ತಿತ್ತು ಎಂಬುದು ಆ ಗೆರೆಗಳಿಂದ ತಿಳಿಯುತ್ತದೆ. ಓವೆನ್ ಹಲ್ಲು ಸೀಳಿ ಜಾತಿ ಗುರುತಿಸಿದ್ದರು. ಇವರು ಎಲುಬು ಸೀಳಿ ಬದುಕನ್ನೇ ಓದಿದರು.

ಹೆದ್ದಾರಿ ಕಾದು ನಿಂತ ಮೂರು ತಿಂಗಳು

ದೈತ್ಯ ಉಭಯಚರಗಳ ಇತಿಹಾಸದಲ್ಲಿ ಅತಿ ಸಂಪನ್ನ ಅಧ್ಯಾಯ ತೆರೆದದ್ದು 1977ರಲ್ಲಿ. ಜರ್ಮನಿಯ ಹೈಲ್‌ಬ್ರಾನ್ ಮತ್ತು ನ್ಯೂರೆನ್‌ಬರ್ಗ್ ನಡುವೆ ಎ-6 ಹೆದ್ದಾರಿ ಕಟ್ಟಲು ಗುಡ್ಡ ಕಡಿಯುತ್ತಿದ್ದರು. ಕುಪ್‌ಫರ್‌ಜೆಲ್ ಎಂಬ ಊರಿನ ಬಳಿ ಯಂತ್ರಗಳು ಸೀಳಿದ ಪದರದಲ್ಲಿ ಎಲುಬುಗಳಿರುವುದು ಹವ್ಯಾಸಿ ಸಂಗ್ರಾಹಕರೊಬ್ಬರ ಕಣ್ಣಿಗೆ ಬಿತ್ತು. ಸುದ್ದಿ ಶ್ಟುಟ್‌ಗಾರ್ಟ್‌ನ ರಾಜ್ಯ ಪ್ರಕೃತಿ ವಿಜ್ಞಾನ ಮ್ಯೂಸಿಯಂ ತಲುಪಿತು. ಅಲ್ಲಿನ ರೂಪರ್ಟ್ ವಿಲ್ಡ್ ತಂಡ ಕಟ್ಟಿಕೊಂಡು ಧಾವಿಸಿದರು.

ಅದು ಯೇಗರ್ ಕಾಲದ ಗೈಲ್ಡಾರ್ಫ್ ಗಣಿಯದೇ ವಯಸ್ಸಿನ, ಸುಮಾರು 24 ಕೋಟಿ ವರ್ಷ ಹಳೆಯ ಪದರ. ರಸ್ತೆ ಕೆಲಸದ ನಡುವೆ ಮೂರು ತಿಂಗಳು ತುರ್ತು ಉತ್ಖನನ ನಡೆಯಿತು. ಸುಮಾರು 30,000 ಎಲುಬುಗಳು ಹೊರಬಂದವು. ಅವುಗಳನ್ನು ಕಲ್ಲಿನಿಂದ ಬಿಡಿಸಿ ಶುಚಿಗೊಳಿಸಲು, ಅಧ್ಯಯನ ಮಾಡಲು ದಶಕಗಳೇ ಹಿಡಿದವು. ಕೊನೆಗೆ 1999ರಲ್ಲಿ ರೈನರ್ ಶೋಖ್ ಅವರ ಸಮಗ್ರ ಅಧ್ಯಯನ ಪ್ರಕಟವಾಯಿತು. ಒಂದು ಹಲ್ಲಿನಿಂದ ಹೆಸರು ಪಡೆದ ಮ್ಯಾಸ್ಟೊಡಾನ್‌ಸಾರಸ್‌ಗೆ ಸುಮಾರು 170 ವರ್ಷಗಳ ಬಳಿಕ ಪೂರ್ಣ ಶರೀರ ದೊರೆಯಿತು.

ಆ ಶರೀರ ಕಪ್ಪೆಯದಾಗಿರಲಿಲ್ಲ. ಐದಾರು ಮೀಟರ್ ಉದ್ದ. ಅದರಲ್ಲಿ ತಲೆಯೇ ಸುಮಾರು 1.25 ಮೀಟರ್. ಉದ್ದನೆಯ ಮೈ, ಬಲವಾದ ಬಾಲ, ಮೈಗೆ ಹೋಲಿಸಿದರೆ ಬಹಳ ಚಿಕ್ಕ ಕಾಲು. ಕೆಳದವಡೆಯ ತುದಿಯಲ್ಲಿ ಎರಡು ಕೋರೆಗಳು ಎಷ್ಟು ಉದ್ದವಿದ್ದವೆಂದರೆ, ಬಾಯಿ ಮುಚ್ಚಿದಾಗ ಅವು ಮೂತಿಯಲ್ಲಿದ್ದ ಎರಡು ತೂತುಗಳ ಮೂಲಕ ಮೇಲಕ್ಕೆ ಚಾಚುತ್ತಿದ್ದವು. ನೀರಿನ ಅಲುಗಾಟವನ್ನು ಗ್ರಹಿಸಲು ಮೀನಿಗೆ ಪಾರ್ಶ್ವರೇಖೆ ಇರುವಂತೆ, ಇದರ ತಲೆಬುರುಡೆಯ ಮೇಲೂ ಅಂಥ ಇಂದ್ರಿಯದ ಕಾಲುವೆಗಳಿದ್ದವು. ಅಂದರೆ ಪ್ರಾಣಿ ಬದುಕಿನುದ್ದಕ್ಕೂ ನೀರನ್ನೇ ನೆಚ್ಚಿಕೊಂಡಿತ್ತು. ಅದೇ ಗುಂಡಿಯಲ್ಲಿ ಗೆರೊಥೊರಾಕ್ಸ್ ಎಂಬ, ದೊಡ್ಡದಾದ ಮೇಲೂ ಕಿವಿರು ಉಳಿಸಿಕೊಳ್ಳುತ್ತಿದ್ದ ಚಪ್ಪಟೆ ಉಭಯಚರವೂ, ದಂಡೆಯ ಮೇಲೆ ಬೇಟೆಯಾಡುತ್ತಿದ್ದ ಬ್ಯಾಟ್ರಕೊಟೋಮಸ್ ಎಂಬ ಸರೀಸೃಪವೂ ಸಿಕ್ಕಿವೆ. ಮ್ಯಾಸ್ಟೊಡಾನ್‌ಸಾರಸ್‌ನ ಕೆಲವು ಎಲುಬುಗಳ ಮೇಲೆ ಬ್ಯಾಟ್ರಕೊಟೋಮಸ್ ಹಲ್ಲಿನ ಗುರುತಿದೆ. ಒಂದಿಡೀ ಜಲಲೋಕ ಅಲ್ಲಿ ಮಲಗಿತ್ತು.

ಹೀಗೆ ರಾಶಿ ರಾಶಿ ಎಲುಬು ಒಂದೆಡೆ ಸಿಕ್ಕಾಗ ಆ ಪ್ರಾಣಿಗಳು ಹೇಗೆ ಸತ್ತವು ಎಂಬ ಪ್ರಶ್ನೆ ಏಳುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊದ ಲೇಮಿ ಎಂಬಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರು 1938ರಲ್ಲಿ ಮೆಟೊಪೊಸಾರ್‌ಗಳ ಇಂಥ ರಾಶಿಯನ್ನು ತೆಗೆದಿದ್ದರು. ಬರಗಾಲದಲ್ಲಿ ಬತ್ತುತ್ತಿದ್ದ ಕೆರೆಯ ಕೊನೆಯ ನೀರಿಗೆ ಸೇರಿದ ಪ್ರಾಣಿಗಳು ಒಟ್ಟಿಗೆ ಸತ್ತವೆಂದು ಆಲ್ಫ್ರೆಡ್ ರೋಮರ್ 1939ರಲ್ಲಿ ಬರೆದರು. ಆ ಚಿತ್ರ ಪಠ್ಯಪುಸ್ತಕಗಳಲ್ಲಿ ಬೇರೂರಿತು. 2010ರಲ್ಲಿ ಅದೇ ಎಲುಬುಗಳ ಜೋಡಣೆಯನ್ನು ಮತ್ತೆ ಅಳೆದ ಸ್ಪೆನ್ಸರ್ ಲೂಕಸ್ ಮತ್ತು ಸಂಗಡಿಗರು ಬರದ ವಾದವನ್ನು ಒಪ್ಪಲಿಲ್ಲ. ಎಲುಬು ಹಳೆಯದೇ ಇರಬಹುದು. ಅದಕ್ಕೆ ಕೇಳುವ ಪ್ರಶ್ನೆ ಹೊಸದಾದರೆ ಉತ್ತರವೂ ಹೊಸದಾಗುತ್ತದೆ.

ಅತಿ ದೊಡ್ಡದು, ಕೊನೆಯದು

ಈ ಬಳಗದ ಅತಿ ದೊಡ್ಡ ಪ್ರಾಣಿ ಯಾವುದು ಎಂದರೆ ಬ್ರೆಜಿಲ್‌ನ ಪ್ರಿಯೊನೊಸೂಕಸ್ ಹೆಸರು ಮುಂದೆ ಬರುತ್ತದೆ. 1948ರಲ್ಲಿ ಲೆವೆಲಿನ್ ಐವರ್ ಪ್ರೈಸ್ ಅದನ್ನು ಮಾರನ್ಯಾವ್ ರಾಜ್ಯದ ಪರ್ಮಿಯನ್ ಕಾಲದ ಪದರದಿಂದ ವರ್ಣಿಸಿದರು. ಘರಿಯಲ್ ಮೊಸಳೆಯಂಥ ಕಿರಿದಾದ ಉದ್ದ ಮೂತಿ, ಅದರ ತುಂಬ ಹಲ್ಲು. ಮೊಸಳೆಗಳು ಹುಟ್ಟುವ ಕೋಟ್ಯಂತರ ವರ್ಷ ಮೊದಲೇ ಉಭಯಚರಗಳು ಮೊಸಳೆಯ ಬಾಳು ಬಾಳಿದ್ದವು. 1991ರಲ್ಲಿ ಒಂದು ದೊಡ್ಡ, ಅಪೂರ್ಣ ಮಾದರಿಯ ಆಧಾರದ ಮೇಲೆ ಅದರ ಉದ್ದ 9 ಮೀಟರ್ ಎಂದು ಲೆಕ್ಕ ಹಾಕಲಾಯಿತು. ಆ ಸಂಖ್ಯೆ ಜನಪ್ರಿಯ ಪುಸ್ತಕಗಳಲ್ಲಿ ಅಚ್ಚಾಗುತ್ತಲೇ ಇದೆ. ಆದರೆ ಅದೂ ತುಂಡು ಎಲುಬಿನಿಂದ ಕಟ್ಟಿದ ಅಂದಾಜು ಎಂಬುದನ್ನು ಓದುಗರು ಮರೆಯಬಾರದು. ಯೇಗರ್ ಅವರ ಅನುಭವ ನಮಗೆ ಕಲಿಸಿರುವ ಪಾಠ ಅದೇ.

ಈ ವಂಶಕ್ಕೆ ವಿಜ್ಞಾನ ಕೊಟ್ಟಿರುವ ಹೆಸರು ಟೆಮ್ನೊಸ್ಪಾಂಡಿಲ್. ಸುಮಾರು 33 ಕೋಟಿ ವರ್ಷದ ಹಿಂದೆ ಇವು ಕಾಣಿಸಿಕೊಂಡವು. 25.2 ಕೋಟಿ ವರ್ಷದ ಹಿಂದೆ ಭೂಮಿಯ ಬಹುಪಾಲು ಜೀವಪ್ರಭೇದಗಳನ್ನು ಅಳಿಸಿದ ಮಹಾನಾಶವನ್ನು ದಾಟಿ ಬಂದವು. ಟ್ರಯಾಸಿಕ್ ಯುಗದ ಕೊನೆಯಲ್ಲಿ, ಸುಮಾರು 20 ಕೋಟಿ ವರ್ಷದ ಹಿಂದೆ, ಬಹುತೇಕ ಎಲ್ಲ ದೈತ್ಯರೂ ಅಳಿದರು. ಜುರಾಸಿಕ್ ಕಾಲದಲ್ಲಿ ಅಲ್ಲೊಂದು ಇಲ್ಲೊಂದು ಉಳಿದು, ಬಳಿಕ ಅವೂ ಕಣ್ಮರೆಯಾದವು ಎಂಬುದು ನಂಬಿಕೆಯಾಗಿತ್ತು.

ಆಗ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕಡಲದಂಡೆಯ ಬಂಡೆಗಳಲ್ಲಿ ವಿಚಿತ್ರ ದವಡೆಗಳು ಸಿಕ್ಕವು. ಬಂಡೆಗಳು ಕ್ರೆಟೇಷಿಯಸ್ ಯುಗದವು, ಸುಮಾರು 12 ಕೋಟಿ ವರ್ಷ ಹಳೆಯವು. ದವಡೆ ಟೆಮ್ನೊಸ್ಪಾಂಡಿಲ್‌ಗಳದ್ದು ಎಂದು ಆ್ಯನ್ ವಾರೆನ್ ಸೂಚಿಸಿದಾಗ ಒಪ್ಪುವುದು ಸುಲಭವಿರಲಿಲ್ಲ. ವಂಶ ಅಳಿದು ಎಷ್ಟೋ ಕಾಲವಾಗಿತ್ತಲ್ಲ! ಇನ್ನೂ ಉತ್ತಮವಾದ ದವಡೆಗಳು ಸಿಕ್ಕ ಮೇಲೆ ಅನುಮಾನ ನಿವಾರಣೆಯಾಯಿತು. 1997ರಲ್ಲಿ ವಾರೆನ್, ಥಾಮಸ್ ರಿಚ್ ಮತ್ತು ಪೆಟ್ರೀಷಿಯಾ ವಿಕರ್ಸ್-ರಿಚ್ ಅದಕ್ಕೆ ಕೂಲಸೂಕಸ್ ಕ್ಲೀಲ್ಯಾಂಡಿ ಎಂದು ಹೆಸರಿಟ್ಟರು. ಈ ಹೆಸರು ಗೌರವಿಸುವುದು ಲೆಸ್ಲಿ ಕೂಲ್ ಮತ್ತು ಮೈಕ್ ಕ್ಲೀಲ್ಯಾಂಡ್ ಅವರನ್ನು; ದಂಡೆಯ ಬಂಡೆಗಳಲ್ಲಿ ವರ್ಷಗಟ್ಟಲೆ ಎಲುಬು ಹುಡುಕಿದವರು ಅವರು. ಆ ಕಾಲದಲ್ಲಿ ವಿಕ್ಟೋರಿಯಾ ದಕ್ಷಿಣ ಧ್ರುವದ ಸಮೀಪದಲ್ಲಿತ್ತು. ಅಲ್ಲಿನ ತಣ್ಣನೆಯ ಹೊಳೆಗಳಿಗೆ ಮೊಸಳೆಗಳು ಕಾಲಿಡಲಾಗದ್ದರಿಂದ ಹಳೆಯ ವಂಶದ ಈ ಕುಡಿ ಉಳಿದುಕೊಂಡಿರಬೇಕು ಎಂಬುದು ಸಂಶೋಧಕರ ವಿವರಣೆ. 2022ರಲ್ಲಿ ವಿಕ್ಟೋರಿಯಾ ಅದನ್ನು ರಾಜ್ಯದ ಪಳೆಯುಳಿಕೆ ಲಾಂಛನವಾಗಿ ಆರಿಸಿಕೊಂಡಿತು.

ಕಾಪಾಡಬೇಕಾದ ನೆಲ

33 ಕೋಟಿಯಿಂದ 12 ಕೋಟಿ ವರ್ಷದವರೆಗೆ ಎಂದರೆ 21 ಕೋಟಿ ವರ್ಷ. ಮೀನಿನಿಂದ ಸರೀಸೃಪಕ್ಕೆ ಹೋಗುವ ದಾರಿಯಲ್ಲಿನ ತಾತ್ಕಾಲಿಕ ಮೆಟ್ಟಿಲೆಂದು ಉಭಯಚರಗಳನ್ನು ನೋಡುವ ಅಭ್ಯಾಸ ನಮ್ಮ ಶಾಲಾ ಪಾಠಗಳಲ್ಲಿ ಇನ್ನೂ ಉಳಿದಿದೆ. ಈ ಎಲುಬುಗಳನ್ನು ನೋಡಿದ ಮೇಲೆ ಆ ಮಾತು ನಿಲ್ಲುವುದಿಲ್ಲ. ಇವು ತಮ್ಮ ಕಾಲದ ನದಿ ಕೆರೆಗಳಿಗೆ ಒಡೆಯರಾಗಿದ್ದವು. ಇಂದಿನ ಕಪ್ಪೆ, ಸಲಾಮಾಂಡರ್‌ಗಳು ಟೆಮ್ನೊಸ್ಪಾಂಡಿಲ್‌ಗಳ ಸಣ್ಣ ಗಾತ್ರದ ಶಾಖೆಯೊಂದರಿಂದ ಬಂದವೆಂದು ಬಹುಪಾಲು ವಿಜ್ಞಾನಿಗಳ ಅಭಿಪ್ರಾಯ. ಹಾಗಾದರೆ ಮಳೆಗಾಲದಲ್ಲಿ ಸಹ್ಯಾದ್ರಿಯ ತೊರೆಗಳಲ್ಲಿ ಕೂಗುವ ಕಪ್ಪೆಗಳೂ ಮಲೇರಿಯ ಪಾಂಥಸಾರಸ್‌ಗೆ ದೂರದ ನೆಂಟರೇ. ಆ ನೆಂಟರ ಸ್ಥಿತಿ ಚೆನ್ನಾಗಿಲ್ಲ. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ ಉಭಯಚರ ಪ್ರಭೇದಗಳಲ್ಲಿ ಶೇ. 41ರಷ್ಟು ಅಳಿವಿನ ಅಂಚಿನತ್ತ ಸಾಗಿವೆ. ಚೀನಾದ ದೈತ್ಯ ಸಲಾಮಾಂಡರ್, ಅಂದರೆ ಓನಿಂಗೆನ್ ಪ್ರಾಣಿಯ ಜೀವಂತ ಬಂಧು, ಕಾಡುಹೊಳೆಗಳಲ್ಲಿ ಕಾಣಸಿಗುವುದೇ ಅಪರೂಪವಾಗಿದೆ.

ಶೋಧ ಮುಗಿದಿಲ್ಲ. 2024ರಲ್ಲಿ ನಮೀಬಿಯಾದಿಂದ ಗೈಯಾಸಿಯಾ ಜೆನ್ನಿಯೇ ಎಂಬ ಪ್ರಾಣಿಯ ಸುದ್ದಿ ಬಂತು. 60 ಸೆಂಟಿಮೀಟರ್ ದಾಟುವ ತಲೆ, ಸುಮಾರು ಎರಡೂವರೆ ಮೀಟರ್ ಮೈ, ಸುಮಾರು 28 ಕೋಟಿ ವರ್ಷ ವಯಸ್ಸು. ಉಭಯಚರಗಳಿಗಿಂತಲೂ ಹಳೆಯ ನಾಲ್ಕುಕಾಲಿನ ಪ್ರಾಣಿಗಳ ಶಾಖೆಗೆ ಸೇರಿದ ಇದು, ಆ ಶಾಖೆ ಅಳಿದಿತ್ತೆಂದು ತಿಳಿದಿದ್ದ ಕಾಲದಲ್ಲಿ, ದಕ್ಷಿಣದ ಶೀತ ಪ್ರದೇಶದಲ್ಲಿ ಬೇಟೆಯಾಡುತ್ತಿತ್ತು. ಗೊಂಡ್ವಾನಾ ಭೂಖಂಡದ ಕಥೆಯಲ್ಲಿ ನಾವು ಓದದ ಪುಟಗಳು ಇನ್ನೂ ಎಷ್ಟಿವೆಯೋ. ಭಾರತ ಆ ಭೂಖಂಡದ ಭಾಗವಾಗಿತ್ತು. ಅದರ ಪುಟಗಳು ನಮ್ಮ ನೆಲದಲ್ಲೂ ಇವೆ.

ಅವುಗಳನ್ನು ಓದಲು ನೆಲ ಉಳಿಯಬೇಕು. ಭೂಪರಂಪರೆಯ ತಾಣಗಳನ್ನೂ ಪಳೆಯುಳಿಕೆಗಳನ್ನೂ ರಕ್ಷಿಸುವ ಕರಡು ಮಸೂದೆಯೊಂದನ್ನು ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಜನರ ಮುಂದಿಟ್ಟಿತು. ಅಂಥ ಕಾನೂನು ನಮಗೆ ತುರ್ತಾಗಿ ಬೇಕು, ಅದು ಹಲ್ಲಿರುವ ಕಾನೂನಾಗಬೇಕು. ಗಣಿ, ಹೆದ್ದಾರಿ, ಅಣೆಕಟ್ಟುಗಳಿಗಾಗಿ ಗೋದಾವರಿ, ಸಾತ್ಪುರ, ದಾಮೋದರ ಕಣಿವೆಗಳನ್ನು ನಾವು ಅಗೆಯುತ್ತಲೇ ಇರುತ್ತೇವೆ, ಅಗೆಯದೆ ನಡೆಯುವುದಿಲ್ಲ. ಆದರೆ ಯಂತ್ರದ ಬಾಯಿಗೆ ಎಲುಬು ಸಿಕ್ಕಿದಾಗ ಕೆಲಸ ನಿಲ್ಲಿಸಿ, ಬಲ್ಲವರನ್ನು ಕರೆಸಿ, ಕೆಲವು ತಿಂಗಳು ಕಾಯುವ ವ್ಯವಸ್ಥೆ ಇರಬೇಕು. ಗೈಲ್ಡಾರ್ಫ್‌ನಲ್ಲಿ ಪಟಿಕದ ಗಣಿ ಕೊಟ್ಟ ತುಂಡುಗಳಿಂದ ಎರಡು ಹೆಸರು ಹುಟ್ಟಿದವು. ಕುಪ್‌ಫರ್‌ಜೆಲ್‌ನಲ್ಲಿ ಮೂರು ತಿಂಗಳ ತಾಳ್ಮೆಯಿಂದ ಒಂದು ಯುಗವೇ ಮರಳಿ ದೊರೆಯಿತು. ಹೆದ್ದಾರಿಯೂ ಆಯಿತು, ಇವತ್ತು ಅದರ ಮೇಲೆ ವಾಹನಗಳು ಓಡುತ್ತಿವೆ.